ಕಣಜ ತುಂಬಿದ ಮಾತ್ರಕ್ಕೆ

ಶಿಕ್ಷಣದ ವಿಷಯವಾಗಿ ಲೋಕದಲ್ಲಿ ಪ್ರತಿವರ್ಷ ಹುಟ್ಟುವ ಬರವಣಿಗೆಗೆ ಲೆಕ್ಕವಿಲ್ಲ. ಅದನ್ನು ಒಂದೆಡೆ ಕೂಡಿಟ್ಟು, ಬೇಕಾದವರಿಗೆಲ್ಲ ಹಣ ಕೇಳದೆ ಒದಗಿಸುವ ಹೊಣೆಯನ್ನು ಒಂದು ಸರ್ಕಾರವೇ ಹೊತ್ತರೆ ಹೇಗಿರುತ್ತದೆಂಬುದಕ್ಕೆ ಅಮೆರಿಕದ 'ಎರಿಕ್' ಎಂಬ ಮಾಹಿತಿ ಸೇವೆ ನಿದರ್ಶನ. ಪುಸ್ತಕಗಳನ್ನು ಪರಾಮರ್ಶಿಸುವ ಪುಟದಲ್ಲಿ ಸೂಚಿಯೊಂದರ ವಿಮರ್ಶೆಯೇಕೆ ಎಂದು ವಾಚಕರು ಕೇಳಬಹುದು. ಸೂಚಿಯೂ ಒಂದು ಕೃತಿಯೇ. ಅದರಲ್ಲಿಯೂ ಆಯ್ಕೆಯುಂಟು, ಕ್ರಮವುಂಟು, ಲೋಪವುಂಟು. ಅದನ್ನು ನಂಬಿ ಪಾಠ ಹೇಳುವವರೂ ಪ್ರಬಂಧ ಬರೆಯುವವರೂ ಇರುವಾಗ ಅದರ ಗುಣದೋಷಗಳನ್ನು ತೂಗಿ ನೋಡುವುದು ನಮ್ಮ ಕೆಲಸವೇ ಆಗುತ್ತದೆ.

ಎರಿಕ್ ಹುಟ್ಟಿದ್ದು 1960ರ ದಶಕದ ನಡುವಿನಲ್ಲಿ. ಶಿಕ್ಷಣ ಸಂಶೋಧನೆಗಾಗಿ ಸರ್ಕಾರದ ಹಣ ಹರಿಯತೊಡಗಿದ್ದ ಕಾಲವದು. ಹಣದ ಫಲವಾಗಿ ಬಂದ ವರದಿಗಳು ಅಲ್ಲಲ್ಲೇ ಬೀರುಗಳಲ್ಲಿ ಉಳಿದುಹೋಗುತ್ತಿದ್ದುವು. ಅಚ್ಚಾಗದ ಈ ವರದಿಗಳನ್ನೂ ಸಮ್ಮೇಳನಗಳ ಪ್ರಬಂಧಗಳನ್ನೂ ಉಳಿಸಿದ್ದು ಎರಿಕ್ ಮಾಡಿದ ಮೊದಲನೆಯ ಉಪಕಾರ. ಹಿಂದೆ ಅವನ್ನು ಅಂಗೈಯಗಲದ ಮೈಕ್ರೋಫಿಷ್ ಹಾಳೆಗಳಲ್ಲಿ ಸೂಕ್ಷ್ಮ ಚಿತ್ರಗಳಾಗಿ ಇಳಿಸಿ ಗ್ರಂಥಾಲಯಗಳಿಗೆ ಕಳುಹಿಸುತ್ತಿದ್ದರು. ಇಂದು ಇಪ್ಪತ್ತು ಲಕ್ಷಕ್ಕೂ ಮೀರಿದ ದಾಖಲೆಗಳ ವಿವರ ಅಂತರ್ಜಾಲದಲ್ಲಿದೆ. ಮೈಸೂರಿನಲ್ಲಿ ಕುಳಿತವನಿಗೂ ಅದು ಬಿಟ್ಟಿಯಾಗಿ ಸಿಕ್ಕುತ್ತದೆ.

ಎರಡನೆಯ ಉಪಕಾರ ಪದಗಳಿಗೆ ಸಂಬಂಧಿಸಿದ್ದು. ಒಂದೇ ವಿಷಯವನ್ನು ಹತ್ತು ಜನ ಹತ್ತು ಹೆಸರಿನಿಂದ ಕರೆದರೆ ಹುಡುಕುವವನ ಗತಿಯೇನು? ಎರಿಕ್ ಆರಂಭದ ವರ್ಷಗಳಲ್ಲಿಯೇ ತನ್ನದೊಂದು ಪದಕೋಶವನ್ನು ಕಟ್ಟಿಕೊಂಡಿತು. ಯಾವ ಪದ ಯಾವುದರ ಒಳಗೆ ಬರುತ್ತದೆ, ಯಾವುದು ಯಾವುದಕ್ಕೆ ನೆರೆ ಎಂಬುದನ್ನು ಅದು ಗೊತ್ತುಮಾಡಿದೆ. ದ್ರಾವಿಡ ಭಾಷೆಗಳೆಂಬ ತಲೆಬರಹದಡಿ ತಮಿಳು ತೆಲುಗುಗಳೊಡನೆ ಕನ್ನಡಕ್ಕೂ ಅಲ್ಲಿ ಸ್ಥಾನವುಂಟು. ಈ ಬಗೆಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಉಳಿದೆಲ್ಲ ಕೆಲಸವೂ ಅದರ ಮೇಲೆಯೇ ನಿಂತಿರುತ್ತದೆ.

ಇನ್ನು ಆಕ್ಷೇಪಣೆ. ಮಾಹಿತಿ ಸೇವೆಯೊಂದರ ಯೋಗ್ಯತೆಯನ್ನು ಅಳೆಯಬೇಕಾದದ್ದು ದಾಖಲೆಗಳ ಸಂಖ್ಯೆಯಿಂದಲ್ಲ. ಪ್ರಶ್ನೆಯೊಂದನ್ನು ಹಿಡಿದು ಬಂದ ಉಪಾಧ್ಯಾಯನು ಏನನ್ನು ಪಡೆದು ಹಿಂದಿರುಗುತ್ತಾನೆ ಎಂಬುದರಿಂದ. ಮನೆಮಾತಿನಲ್ಲಿ ಓದು ಕಲಿತ ಮಗುವಿಗೆ ಎರಡನೆಯ ಭಾಷೆ ಸುಲಭವಾಗುತ್ತದೆಯೇ ಎಂದು ಎರಿಕ್‌ನಲ್ಲಿ ಹುಡುಕಿ ನೋಡಿ. ಪುಟಗಟ್ಟಲೆ ಸಾರಾಂಶಗಳು ಎದುರು ನಿಲ್ಲುತ್ತವೆ. ತಜ್ಞರ ಪರಿಶೀಲನೆಗೆ ಒಳಗಾದವನ್ನು ಮಾತ್ರ ಬೇರ್ಪಡಿಸಿಕೊಳ್ಳುವ ಸೌಕರ್ಯವೇನೋ ಇದೆ. ಆದರೂ ಗಟ್ಟಿ ಯಾವುದು, ಜೊಳ್ಳು ಯಾವುದು, ಒಂದಕ್ಕೊಂದು ವಿರೋಧವಾದ ಎರಡು ನಿರ್ಣಯಗಳಲ್ಲಿ ಯಾವುದನ್ನು ಒಪ್ಪಬೇಕು ಎಂಬುದನ್ನು ಹೇಳುವವರಿಲ್ಲ. ಪತ್ರಿಕಾ ಲೇಖನಗಳಲ್ಲಿ ಬಹಳಷ್ಟಕ್ಕೆ ಸಾರಾಂಶ ಮಾತ್ರ ಸಿಕ್ಕುತ್ತದೆ. ಮೂಲಕ್ಕೆ ಪ್ರಕಾಶಕರ ಬಾಗಿಲನ್ನೇ ತಟ್ಟಬೇಕು.

ಮೊದಲಿನಿಂದಲೂ ಹೀಗಿರಲಿಲ್ಲವೆಂಬುದೇ ವ್ಯಸನದ ಸಂಗತಿ. ಹಿಂದೆ ಓದು, ಗ್ರಾಮೀಣ ಶಿಕ್ಷಣ, ಭಾಷಾಬೋಧನೆ ಮುಂತಾಗಿ ಒಂದೊಂದು ವಿಷಯಕ್ಕೆ ಒಂದೊಂದು ಶಾಖೆ, ವಿಶ್ವವಿದ್ಯಾನಿಲಯಗಳಲ್ಲಿಯೋ ವಿದ್ವತ್ ಸಂಸ್ಥೆಗಳಲ್ಲಿಯೋ ಇರುತ್ತಿತ್ತು. ಕೊನೆಯಲ್ಲಿ ಇಂಥವು ಹದಿನಾರಿದ್ದುವು. ಅಲ್ಲಿದ್ದವರು ವಿಷಯವನ್ನು ಬಲ್ಲವರು. ನೂರು ವರದಿಗಳನ್ನು ಓದಿ, ಸಾಮಾನ್ಯ ಉಪಾಧ್ಯಾಯನಿಗೆ ತಿಳಿಯುವಂತೆ ಎರಡು ಪುಟದ ಸಂಗ್ರಹಗಳನ್ನು ಬರೆಸುತ್ತಿದ್ದರು. 1992ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಿಂದ ಆರಂಭವಾದ 'ಆಸ್ಕ್ ಎರಿಕ್' ಸೇವೆಯಲ್ಲಿ, ಉಪಾಧ್ಯಾಯರು ಕೇಳಿದ ಪ್ರಶ್ನೆಗೆ ಮನುಷ್ಯರೇ ಕುಳಿತು ಉತ್ತರ ಕೊಡುತ್ತಿದ್ದರು. 2003ರ ಕೊನೆಗೆ ಶಾಖೆಗಳೂ ಮುಚ್ಚಿದುವು, ಪ್ರಶ್ನೋತ್ತರವೂ ನಿಂತಿತು. ಎಲ್ಲವೂ ಒಂದೇ ಕೇಂದ್ರಕ್ಕೆ ಸೇರಿತು. ಪೂರ್ಣಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯತೊಡಗಿದ್ದು ಲಾಭವೇ ಸರಿ. ಆದರೆ ತೂಗಿ ಕೊಡುವ ಕೈ ಹೋಯಿತು. ಕಣಜ ದೊಡ್ಡದಾಯಿತು, ಕೇರುವವರು ಇಲ್ಲವಾದರು.

ನಮ್ಮಲ್ಲಿ ಎಂ. ಬಿ. ಬುಚ್ ಅವರು ಬರೋಡೆಯಿಂದ 1974ರಲ್ಲಿ ಹೊರತಂದ ಶಿಕ್ಷಣ ಸಂಶೋಧನೆಯ ಸಮೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ವಿಸ್ತಾರದಲ್ಲಿ ಎರಿಕ್‌ಗೆ ಅದು ಸರಿಸಾಟಿಯಲ್ಲ. ಆದರೆ ಒಂದೊಂದು ಕ್ಷೇತ್ರದಲ್ಲಿ ಏನಾಗಿದೆ, ಏನಾಗಬೇಕು ಎಂದು ಬಲ್ಲವರಿಂದ ಹೇಳಿಸುವ ಧೈರ್ಯ ಅದಕ್ಕಿತ್ತು. ಸಂಗ್ರಹ ಮತ್ತು ವಿವೇಚನೆ ಎರಡೂ ಒಂದೆಡೆ ಕೂಡಿದಾಗಲೇ ಸೇವೆ ಪೂರ್ಣವಾಗುವುದು.

ಹಾಗೆಂದು ಸಂಗ್ರಹವನ್ನು ಹಗುರವಾಗಿ ಕಾಣುವಂತಿಲ್ಲ. 2012ರ ಆಗಸ್ಟಿನಲ್ಲಿ, ಹಳೆಯ ಕೆಲವು ದಾಖಲೆಗಳಲ್ಲಿ ವ್ಯಕ್ತಿಗಳ ಖಾಸಗಿ ವಿವರಗಳು ಇದ್ದುವೆಂದು ಪೂರ್ಣಪಾಠಗಳನ್ನೆಲ್ಲ ತಾತ್ಕಾಲಿಕವಾಗಿ ಮರೆಮಾಡಿ, ಪರಿಶೀಲಿಸಿ, ಹಂತಹಂತವಾಗಿ ಮರಳಿ ತೆರೆದರು. ಆಗ ಎದ್ದ ಕೂಗಿನಿಂದಲೇ ಅವನ್ನು ಎಷ್ಟು ಜನ ನೆಚ್ಚಿದ್ದರೆಂದು ತಿಳಿಯಿತು. 2025ರ ಏಪ್ರಿಲಿನಲ್ಲಿ ಒದಗಿದ ಪೆಟ್ಟು ಬೇರೆ ಬಗೆಯದು. ಸರ್ಕಾರದ ವೆಚ್ಚ ಕಡಿತದ ಭರದಲ್ಲಿ ಈ ಸೇವೆಯ ಹಣಕ್ಕೂ ಕತ್ತರಿ ಬಿತ್ತು. ಸೇವೆ ಮುಚ್ಚಲಿಲ್ಲ, ನಿಜ. ಆದರೆ ಸೂಚಿಗೆ ಹೊಸದಾಗಿ ಸೇರಿಸುವ ಪತ್ರಿಕೆಗಳನ್ನು ಬಹಳ ಮಟ್ಟಿಗೆ ತಗ್ಗಿಸಬೇಕಾಯಿತು.

ಇಲ್ಲಿ ನಾವು ಯೋಚಿಸಬೇಕಾದ ಮಾತೊಂದಿದೆ. ಲಕ್ಷಗಳ ಲೆಕ್ಕದಿಂದ ತನ್ನನ್ನು ಸಮರ್ಥಿಸಿಕೊಳ್ಳುವ ಸಂಸ್ಥೆಯನ್ನು ಲಕ್ಷಗಳ ಲೆಕ್ಕದಿಂದಲೇ ಕತ್ತರಿಸುವುದು ಸುಲಭ. ಎರಿಕ್ ತನ್ನ ಹದಿನಾರು ಶಾಖೆಗಳನ್ನು ಉಳಿಸಿಕೊಂಡಿದ್ದರೆ ಊರೂರಿನ ಶಾಲೆಗಳಲ್ಲಿ ಅದರ ಪರವಾಗಿ ಮಾತನಾಡುವವರು ಇನ್ನೂ ಹೆಚ್ಚು ಇರುತ್ತಿದ್ದರೆಂದು ನನಗೆ ತೋರುತ್ತದೆ. ಉತ್ತರ ಪಡೆದವನಿಗೆ ಉತ್ತರ ಕೊಟ್ಟವರ ನೆನಪಿರುತ್ತದೆ. ಪಟ್ಟಿ ಪಡೆದವನಿಗೆ ಇರುವುದಿಲ್ಲ. ಎರಿಕ್ ಉಳಿಯಬೇಕು. ಅರವತ್ತು ವರ್ಷದ ಅಧ್ಯಾಪಕರ ಅನುಭವ ಅಲ್ಲಿ ನಿಕ್ಷೇಪವಾಗಿದೆ, ಒಮ್ಮೆ ಚದುರಿದರೆ ಮತ್ತೆ ಕೂಡಿಸಲಾಗದು. ಆದರೆ ಅದು ಉಳಿಯಬೇಕಾದದ್ದು ಬರಿಯ ಉಗ್ರಾಣವಾಗಿ ಅಲ್ಲ, ಓದಿ ತಿಳಿದು ಹೇಳಬಲ್ಲ ಜನರಿರುವ ಸಂಸ್ಥೆಯಾಗಿ. ಈ ಮಾತು ಅಮೆರಿಕಕ್ಕೆ ಎಷ್ಟು ಸಲ್ಲುತ್ತದೆಯೋ, ಅಂಥದೊಂದನ್ನು ಕಟ್ಟಬಯಸುವ ಯಾವ ದೇಶಕ್ಕಾದರೂ ಅಷ್ಟೇ ಸಲ್ಲುತ್ತದೆ.