ಏಳದ ಹೊಗೆಗೆ ಮೊಹರು

ಬಾಗೇಪಲ್ಲಿ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲ. ಅಲ್ಲಿನ ಕೂಲಿ ಕುಟುಂಬಗಳ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆ 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಿಡಿಎಂ (ಶುದ್ಧ ಅಭಿವೃದ್ಧಿ ವ್ಯವಸ್ಥೆ) ಪಟ್ಟಿ ಸೇರಿತು. ಸೌದೆ, ಸೀಮೆಎಣ್ಣೆ ಉರಿಸದೆ ಉಳಿಸಿದ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಒಂದು ಕ್ರೆಡಿಟ್. ಅದನ್ನು ಕೊಂಡ ಶ್ರೀಮಂತ ದೇಶದ ಕಂಪನಿ ತನ್ನ ಲೆಕ್ಕದಲ್ಲಿ ಅಷ್ಟು ಹೊಗೆ ಕಳೆದುಕೊಳ್ಳಬಹುದಿತ್ತು. ಗುಜರಾತಿನ ಶೈತ್ಯಾನಿಲ ಕಾರ್ಖಾನೆಯೊಂದು ಅದೇ ವರ್ಷ ಅದೇ ಪಟ್ಟಿಗೆ ಬಂದಿತ್ತು. ಅಲ್ಲಿ ನಾಶಮಾಡಬೇಕಿದ್ದದ್ದು ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಹೆಚ್ಚು ಬಿಸಿಮಾಡುವ ಅನಿಲ, ಎಚ್‌ಎಫ್‌ಸಿ-23. ಒಂದು ಟನ್ ಸುಟ್ಟರೆ 11,700 ಕ್ರೆಡಿಟ್!

ಇಬ್ಬರೂ ಹಾದದ್ದು ಒಂದೇ ಬಾಗಿಲು. ಯೋಜನಾ ದಸ್ತಾವೇಜು ಬರೆಯಬೇಕಿತ್ತು, ದೆಹಲಿಯ ರಾಷ್ಟ್ರೀಯ ಸಿಡಿಎಂ ಪ್ರಾಧಿಕಾರದಿಂದ ಒಪ್ಪಿಗೆ ಪತ್ರ ತರಬೇಕಿತ್ತು, ಮಾನ್ಯತೆ ಪಡೆದ ಆಡಿಟ್ ಸಂಸ್ಥೆಯಿಂದ ತಪಾಸಣೆ ಮಾಡಿಸಬೇಕಿತ್ತು, ಕೊನೆಗೆ ಸಿಡಿಎಂ ಕಾರ್ಯನಿರ್ವಾಹಕ ಮಂಡಳಿಯಲ್ಲಿ ನೋಂದಣಿ. ಆಮೇಲೂ ಒಲೆಗಳು ಉರಿಯುತ್ತಿವೆಯೆಂಬ ದಾಖಲೆ ಒಪ್ಪಿಸಿ, ಅದನ್ನು ಮತ್ತೆ ಪರಿಶೀಲನೆ ಮಾಡಿಸಿದರಷ್ಟೇ ಕ್ರೆಡಿಟ್ ಕೈಗೆ ಬರುತ್ತಿತ್ತು.

ಈ ಕಟ್ಟುನಿಟ್ಟು ಬೇಕಾದ್ದೇ. ಆದರೆ ಇಡೀ ಕಟ್ಟಡ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಕಾರ್ಬನ್ ಹಣ ಬಾರದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲವೇ? ಒಲೆಯನ್ನು ಹೋಗಿ ನೋಡಬಹುದು, ಆಗದೇ ಹೋದದ್ದನ್ನು ಯಾರು ನೋಡಿಬರುತ್ತಾರೆ? ಕೂಲಿಯವನ ವಿಷಯದಲ್ಲಿ ಉತ್ತರ ಬಹುಮಟ್ಟಿಗೆ ಅವನ ಅಂಗಳದಲ್ಲೇ ಇದೆ. ಅಷ್ಟು ದುಡ್ಡು ಹಾಕಿ ತೊಟ್ಟಿ ಕಟ್ಟಿಸುವ ಶಕ್ತಿ ಅವನಿಗಿಲ್ಲ. ಕಂಪನಿಗಾದರೋ ಕಾರ್ಬನ್ ಹಣವಿಲ್ಲದೆ ಲಾಭವಿಲ್ಲ ಎಂಬ ಅಂದಾಜುಪಟ್ಟಿ ಬರೆದುಕೊಡುವ ಸಲಹೆಗಾರರಿದ್ದಾರೆ. ಭಾರತದ ಪವನ ವಿದ್ಯುತ್ ಯೋಜನೆಗಳನ್ನು ಅಧ್ಯಯನ ಮಾಡಿದ ರಾಫೆಲ್ ಕ್ಯಾಲೆಲ್ ಮತ್ತು ಸಂಗಡಿಗರು, ಮಂಜೂರಾದ ಕ್ರೆಡಿಟ್‌ಗಳಲ್ಲಿ ಕನಿಷ್ಠ ಶೇ. 52ರಷ್ಟು ಹೇಗೂ ತಲೆಯೆತ್ತುತ್ತಿದ್ದ ಯೋಜನೆಗಳಿಗೆ ಹೋಗಿವೆ ಎಂದು ಅಂದಾಜಿಸಿದರು. ಎಚ್‌ಎಫ್‌ಸಿಯ ಕಥೆ ಇನ್ನೂ ಸೊಗಸು: ಅನಿಲವನ್ನು ನಾಶಮಾಡುವುದೇ ಎಷ್ಟು ಲಾಭದ ಕಸುಬಾಯಿತೆಂದರೆ, 2013ರಿಂದ ಯುರೋಪ್ ಒಕ್ಕೂಟ ಆ ಕ್ರೆಡಿಟ್‌ಗಳನ್ನು ತನ್ನ ಮಾರುಕಟ್ಟೆಯಿಂದಲೇ ಹೊರಗಿಟ್ಟಿತು. ಇವೆಲ್ಲ ಕಾಗದಪತ್ರ ಸರಿಯಿದ್ದ ಯೋಜನೆಗಳೇ.

ಪರೀಕ್ಷಕನಿಗೆ ಸಂಬಳ ಕೊಡುವವನು ಪರೀಕ್ಷೆಗೆ ಕೂತವನೇ ಎಂಬುದು ನನಗೆ ಕಾಣುವ ದೊಡ್ಡ ದೋಷ. ಆಡಿಟ್ ಸಂಸ್ಥೆಯನ್ನು ಆರಿಸಿ ಶುಲ್ಕ ತೆರುವವರು ಯೋಜನೆಯವರು. ಕಡಿವಾಣ ಇರಲಿಲ್ಲವೆಂದಲ್ಲ; ಮಂಡಳಿ 2008ರಲ್ಲಿ ಆಡಿಟ್ ಸಂಸ್ಥೆ ಡಿಎನ್‌ವಿಯನ್ನು, ಮರುವರ್ಷ ಇನ್ನೊಂದು ಸಂಸ್ಥೆ ಎಸ್‌ಜಿಎಸ್ಸನ್ನು ಕೆಲಕಾಲ ಅಮಾನತಿನಲ್ಲಿಟ್ಟಿತ್ತು. ಹಣ ಹರಿಯುವ ದಾರಿ ಮಾತ್ರ ಬದಲಾಗಲಿಲ್ಲ.

ಒಲೆ ಯೋಜನೆಗಳೆಲ್ಲ ಬಡವರದು, ಆದ್ದರಿಂದ ಸಾಚಾ ಎನ್ನುವಂತೆಯೂ ಇಲ್ಲ. ಸುಧಾರಿತ ಒಲೆಗಳ ಕ್ರೆಡಿಟ್‌ಗಳು ಸರಾಸರಿ ಒಂಬತ್ತು ಪಟ್ಟು ಹೆಚ್ಚಾಗಿ ಎಣಿಕೆಯಾಗಿವೆ ಎಂದು ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ಅದರಲ್ಲೇ ಗಮನಿಸಬೇಕಾದ್ದೊಂದಿದೆ. ಇಂಧನ ಬಳಕೆಯನ್ನು ನೇರವಾಗಿ ಮೀಟರಿನಲ್ಲಿ ಅಳೆಯುವ ವಿಧಾನದಲ್ಲಿ ಈ ಉತ್ಪ್ರೇಕ್ಷೆ ತೀರಾ ಕಡಿಮೆ. ಅಂದಾಜಿಗೆ ಬಿಟ್ಟಷ್ಟೂ ಅಂಕಿ ಊದಿಕೊಳ್ಳುತ್ತದೆ.

ಭಾರತ 2023ರಲ್ಲಿ ತನ್ನದೇ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಹೊರಡಿಸಿ, ವರ್ಷದ ಕೊನೆಗೆ ಇಂಥ ಯೋಜನೆಗಳಿಗೆ ಕ್ರೆಡಿಟ್ ಕೊಡುವ ಆಫ್‌ಸೆಟ್ ದಾರಿಯನ್ನೂ ಅದಕ್ಕೆ ಸೇರಿಸಿತು. ವಿಧಾನ, ನೋಂದಣಿ, ಮಾನ್ಯತೆ ಪಡೆದ ಪರಿಶೀಲಕ ಎಂಬ ಹಳೆಯ ಎಲುಬುಗೂಡೇ ಇಲ್ಲೂ ಇದೆ. ಶುಲ್ಕವನ್ನು ಒಂದು ಸಾಮಾನ್ಯ ನಿಧಿಗೆ ಕಟ್ಟಿಸಿಕೊಂಡು, ಯಾವ ಯೋಜನೆಗೆ ಯಾವ ಪರಿಶೀಲಕ ಎಂಬುದನ್ನು ಸರ್ಕಾರವೇ ಚೀಟಿ ಎತ್ತಿ ನಿರ್ಧರಿಸಲಿ. ಅದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ.