ಹರಾಜುಕುವಿನ ಹುಡುಗಿಯರು, ನೋಡುವ ಕಣ್ಣುಗಳು

ಹುಡುಗಿಯೊಬ್ಬಳು ಎಲ್ಲರಂತಲ್ಲದ ಉಡುಪು ತೊಟ್ಟು ಬೀದಿಗೆ ಬಂದಳೆಂದರೆ ನೋಡುವವರ ಮನಸ್ಸಿನಲ್ಲಿ ಏಳುವುದು ಎರಡೇ ಪ್ರಶ್ನೆ. ಯಾರನ್ನು ಮೆಚ್ಚಿಸಲು ಹೀಗೆ ಮಾಡಿಕೊಂಡಿದ್ದಾಳೆ? ಇಲ್ಲವೇ, ಯಾರ ಮೇಲಿನ ಸಿಟ್ಟಿಗೆ ಹೀಗೆ ಮಾಡಿಕೊಂಡಿದ್ದಾಳೆ? ಟೋಕಿಯೊ ನಗರದ ಹರಾಜುಕು ಮತ್ತು ಶಿಬುಯಾ ಎಂಬ ಎರಡು ಪೇಟೆಗಳ ಹುಡುಗಿಯರ ಬಗ್ಗೆ ನಾನು ಓದಿದ ಬಹುಪಾಲು ಬರಹಗಳು ಈ ಎರಡು ಪ್ರಶ್ನೆಗಳ ಸುತ್ತಲೇ ಗಿರಕಿ ಹೊಡೆಯುತ್ತವೆ. ಒಬ್ಬರು ಅವರನ್ನು ಗೊಂಬೆಗಳೆಂದು ಗೇಲಿ ಮಾಡಿದರೆ ಇನ್ನೊಬ್ಬರು ಬಂಡಾಯಗಾರ್ತಿಯರೆಂದು ಹೊಗಳುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಒಂದು ಫೋಟೋ ಪುಸ್ತಕ ಮತ್ತು ಒಂದು ಸಿನಿಮಾವನ್ನು ಮುಂದಿಟ್ಟುಕೊಂಡು ಅದು ಯಾಕೆಂದು ಹೇಳುತ್ತೇನೆ.

ಪುಸ್ತಕದ ಹೆಸರು 'ಫ್ರೂಟ್ಸ್'. ಶೋಯಿಚಿ ಆಓಕಿ ಎಂಬ ಛಾಯಾಗ್ರಾಹಕರು 1997ರಲ್ಲಿ ಇದೇ ಹೆಸರಿನ ಮಾಸಪತ್ರಿಕೆಯೊಂದನ್ನು ಆರಂಭಿಸಿದರು. ಅದರ ಚಿತ್ರಗಳನ್ನು ಆಯ್ದು 2001ರಲ್ಲಿ ಫೈಡನ್ ಪ್ರಕಾಶನದವರು ಪುಸ್ತಕವಾಗಿ ತಂದರು. ಪುಟಕ್ಕೊಂದು ಚಿತ್ರ, ಚಿತ್ರಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು ಮೂವರು. ತಲೆಯಿಂದ ಕಾಲಿನವರೆಗೆ ಇಡೀ ಆಕೃತಿ, ಹಿಂದೆ ಯಾವುದೋ ಗೋಡೆ, ರಸ್ತೆಯ ಅಂಚು. ಬಹಳ ಮಂದಿ ನಗುವುದೂ ಇಲ್ಲ. ಪಕ್ಕದಲ್ಲಿ ಹೆಸರು, ವಯಸ್ಸು, ಮಾಡುವ ಕೆಲಸ, ಮೈಮೇಲಿನ ಒಂದೊಂದು ಬಟ್ಟೆ ಎಲ್ಲಿಂದ ಬಂತು ಎಂಬ ಸಣ್ಣ ಪಟ್ಟಿ. ಕೆಲಸದ ಜಾಗದಲ್ಲಿ ಮತ್ತೆ ಮತ್ತೆ ಕಾಣುವುದು 'ವಿದ್ಯಾರ್ಥಿನಿ' ಎಂಬ ಮಾತು.

ನಾನು ಈ ಪುಸ್ತಕದಲ್ಲಿ ಚಿತ್ರಗಳಿಗಿಂತ ಹೆಚ್ಚಾಗಿ ಆ ಪಟ್ಟಿಗಳನ್ನು ಓದಿದೆ. ಮೊದಲ ನೋಟಕ್ಕೆ ಇವರೆಲ್ಲ ಶ್ರೀಮಂತರ ಮನೆಯ ಮುದ್ದಿನ ಮಕ್ಕಳು ಅನ್ನಿಸುತ್ತದೆ. ಪಟ್ಟಿ ಬೇರೆಯೇ ಹೇಳುತ್ತದೆ. ಅಂಗಿ ಹಳೆಬಟ್ಟೆ ಅಂಗಡಿಯದು. ಲಂಗ ಸ್ವಂತ ಹೊಲಿಗೆ. ಚೀಲ ಸ್ವಂತ ಹೊಲಿಗೆ. ದುಬಾರಿ ಹೆಸರಿನದು ಎಂದರೆ ಎಲ್ಲೋ ಒಂದು ಬೂಟು, ಒಂದು ಕೋಟು. ಹೊಲಿಗೆ ಯಂತ್ರದ ಮುಂದೆ ಕೂತು ಅಭ್ಯಾಸವಿರುವ ಹೆಂಗಸರಿಗೆ ಇದರ ಅರ್ಥ ಬೇಗ ಆಗುತ್ತದೆ. ಹಳೆಯ ಕಿಮೊನೊವನ್ನು ಕತ್ತರಿಸಿ, ಮೇಲಂಗಿ ಮಾಡಿ, ಕೆಳಗೆ ಪ್ಯಾಂಟು ಹಾಕಿಕೊಂಡರೆ ಎಲ್ಲಿ ಜಗ್ಗುತ್ತದೆ, ಎಲ್ಲಿ ಒಳಮಡಿಕೆ ಬೇಕು ಎಂದು ಯಾರೋ ರಾತ್ರಿ ಕೂತು ಲೆಕ್ಕ ಹಾಕಿದ್ದಾರೆ. ಅದು ಸಿಟ್ಟಿನ ಕೆಲಸವಲ್ಲ. ಸಿಟ್ಟು ಬಂದಾಗ ಸೂಜಿಗೆ ದಾರ ಪೋಣಿಸಲೂ ಆಗುವುದಿಲ್ಲ.

ಹರಾಜುಕುವಿಗೆ ಇದೆಲ್ಲ ಹೊಸದೇನೂ ಆಗಿರಲಿಲ್ಲ. 1977ರಿಂದ ಭಾನುವಾರಗಳಂದು ಅಲ್ಲಿನ ಮುಖ್ಯ ರಸ್ತೆಗಳಲ್ಲಿ ವಾಹನ ತಡೆದು ಜನರಿಗೆ ಬಿಟ್ಟುಕೊಡುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ಹೊಳೆಯುವ ಬಣ್ಣದ ದೊಗಳೆ ಬಟ್ಟೆ ತೊಟ್ಟ ಹುಡುಗ ಹುಡುಗಿಯರು ಅಲ್ಲಿ ಗುಂಪು ಗುಂಪಾಗಿ ಕುಣಿಯುತ್ತಿದ್ದರು. ಅವರಿಗೆ 'ತಾಕೆನೊಕೊ' ಬಳಗ ಎಂದು ಹೆಸರು. ಆ ಬಟ್ಟೆ ಮಾರುತ್ತಿದ್ದ ಅಂಗಡಿಯ ಹೆಸರು ಅದು. ತಾಕೆನೊಕೊ ಎಂದರೆ ಕಳಲೆ. (ಮಲೆನಾಡಿನ ಓದುಗರಿಗೆ ಇದು ಕೇಳಿ ಬಾಯಲ್ಲಿ ನೀರೂರಿದರೆ ನನ್ನ ತಪ್ಪಲ್ಲ.) 1998ರಲ್ಲಿ ಭಾನುವಾರದ ಆ ಏರ್ಪಾಡು ನಿಂತುಹೋಯಿತು. ಕುಣಿಯಲು ರಸ್ತೆಯಿಲ್ಲದಾಯಿತು, ನಿಂತು ಫೋಟೋ ತೆಗೆಸಿಕೊಳ್ಳಲು ಪಾದಚಾರಿ ಹಾದಿ ಮಾತ್ರ ಉಳಿಯಿತು.

ಅದಕ್ಕೂ ಹಿಂದಿನದು ಶಾಲೆಯ ಸಮವಸ್ತ್ರದ ಕಥೆ. ನಾವಿಕರ ಉಡುಪಿನ ಅಗಲ ಕಾಲರನ್ನು ಅನುಕರಿಸಿ ಜಪಾನಿನ ಹುಡುಗಿಯರ ಶಾಲೆಗಳು 1920ರ ದಶಕದಲ್ಲಿ ಸಮವಸ್ತ್ರ ತಂದವು. 1970ರ ದಶಕದಲ್ಲಿ 'ಸುಕೆಬಾನ್' ಎಂದು ಕರೆಸಿಕೊಂಡ ಪುಂಡ ಹುಡುಗಿಯರು ಅದೇ ಲಂಗವನ್ನು ಪಾದ ಮುಟ್ಟುವಷ್ಟು ಉದ್ದ ಮಾಡಿಕೊಂಡರು. ಹೊರಗೆ ಎಲ್ಲರೂ ಮಿನಿಸ್ಕರ್ಟು ಹಾಕುತ್ತಿದ್ದ ಕಾಲವದು. ತೊಂಬತ್ತರ ದಶಕದ 'ಕೊಗ್ಯಾರು' ಹುಡುಗಿಯರು ಸೊಂಟದಲ್ಲಿ ಸುರುಳಿ ಸುತ್ತಿ ಅದೇ ಲಂಗವನ್ನು ತೊಡೆಯವರೆಗೆ ಏರಿಸಿದರು, ಕಾಲಿಗೆ ಸಡಿಲವಾಗಿ ಜಾರುವ ದಪ್ಪ ಬಿಳಿ ಕಾಲುಚೀಲ ಹಾಕಿದರು. ಉದ್ದ ಮಾಡಿದವಳೂ ಕೆಟ್ಟವಳು, ಗಿಡ್ಡ ಮಾಡಿದವಳೂ ಕೆಟ್ಟವಳು. ಸರಿಯಾದ ಅಳತೆ ಯಾವುದೆಂದು ಗೊತ್ತಿದ್ದುದು ಲಂಗ ತೊಡದವರಿಗೆ ಮಾತ್ರ ಎಂದು ಕಾಣುತ್ತದೆ.

ಅಕ್ಷರದ ವಿಷಯವನ್ನೂ ಇಲ್ಲೇ ಹೇಳಬೇಕು. ಎಪ್ಪತ್ತರ ದಶಕದಲ್ಲಿ ಜಪಾನಿನ ಹುಡುಗಿಯರು ತಮ್ಮ ಲಿಪಿಯನ್ನು ಗುಂಡಗುಂಡಗೆ, ನಡುನಡುವೆ ಹೃದಯ, ನಕ್ಷತ್ರಗಳ ಚಿತ್ರ ಸೇರಿಸಿ ಬರೆಯತೊಡಗಿದರು. ಕೆಲವು ಶಾಲೆಗಳು ಅದನ್ನು ನಿಷೇಧಿಸಿದವು. ದುಂಡು ಅಕ್ಷರಕ್ಕೆ ಮೇಷ್ಟರಿಂದ ಶಾಭಾಸ್ ಪಡೆದು ಬೆಳೆದ ನಮಗೆ ಇದು ನಗು ತರಿಸುವ ಸಂಗತಿ. ಈ ಬರವಣಿಗೆಯಿಂದ ಹಿಡಿದು ಬಟ್ಟೆ, ಮಾತುಗಳವರೆಗೆ ಹಬ್ಬಿದ 'ಕವಾಯಿ', ಅಂದರೆ ಮುದ್ದುತನ, ಏನೆಂದು ಶರೋನ್ ಕಿನ್ಸೆಲ್ಲಾ 1995ರಲ್ಲಿ ಒಂದು ಒಳ್ಳೆಯ ಲೇಖನ ಬರೆದರು. ದೊಡ್ಡವರಾಗುವುದೆಂದರೆ ದುಡಿಮೆ, ಮದುವೆ, ಹೊಣೆ ಎಂದಷ್ಟೇ ಆಗಿರುವಲ್ಲಿ ದೊಡ್ಡವರಾಗಲು ಒಲ್ಲೆನೆನ್ನುವುದೂ ಒಂದು ಬಗೆಯ ನಿರಾಕರಣೆ ಎಂಬುದು ಅವರ ವಾದ. ಅರ್ಧದವರೆಗೆ ನಾನು ಅವರ ಜೊತೆ ಬರುತ್ತೇನೆ. ಆದರೆ ಯಾವುದನ್ನು ಬೇಡವೆಂದರು ಎಂಬುದನ್ನು ಹೇಳುವಾಗ, ಏನನ್ನು ಬೇಕೆಂದು ಆರಿಸಿಕೊಂಡರು ಎಂಬುದು ಕೈಬಿಟ್ಟು ಹೋಗುತ್ತದೆ. ಒಂದು ಬಣ್ಣದ ಪಕ್ಕ ಇನ್ನೊಂದು ಬಣ್ಣ ಇಟ್ಟಾಗ ಸಿಗುವ ಸಂತೋಷಕ್ಕೆ ಆ ಲೇಖನದಲ್ಲಿ ಅಷ್ಟಾಗಿ ಜಾಗವಿಲ್ಲ.

ಶಿಬುಯಾದ ಹುಡುಗಿಯರ ಪಾಡು ಇನ್ನೂ ಕಠಿಣ. ತೊಂಬತ್ತರ ದಶಕದ ಕೊನೆಗೆ ಅಲ್ಲಿ 'ಗಾಂಗುರೊ' ಎಂಬ ರೀತಿ ಬಂತು. ಮೈಮುಖ ಕಂದು ಮಾಡಿಕೊಂಡು, ಕೂದಲಿಗೆ ಚಿನ್ನದ ಇಲ್ಲವೇ ಬೆಳ್ಳಿಯ ಬಣ್ಣ ಹಾಕಿ, ತುಟಿಗೂ ಕಣ್ಣಿನ ಸುತ್ತಲೂ ಬಿಳಿ ಬಳಿದುಕೊಳ್ಳುವುದು. ಇದರ ಇನ್ನೂ ಅತಿಯಾದ ರೂಪಕ್ಕೆ 'ಯಮಾಂಬ' ಎಂದು ಹೆಸರಿಟ್ಟರು. ಯಮಾಂಬ ಎಂದರೆ ಜಪಾನಿನ ಜನಪದ ಕಥೆಗಳ ಕಾಡಿನ ಮುದುಕಿ, ದಾರಿಹೋಕರನ್ನು ತಿನ್ನುವ ರಾಕ್ಷಸಿ. ಬೈಗುಳವಾಗಿ ಬಂದ ಹೆಸರನ್ನು ಹುಡುಗಿಯರು ಹಾಗೆಯೇ ಇಟ್ಟುಕೊಂಡರು. ಬಿಳಿ ಬಣ್ಣವೊಂದಿದ್ದರೆ ಏಳು ಕುಂದು ಮುಚ್ಚುತ್ತವೆ ಎಂಬ ಗಾದೆಯಿರುವ ನಾಡಿನಲ್ಲಿ ಬೇಕೆಂದೇ ಕಪ್ಪಾದರೆ ಏನಾಗುತ್ತದೆಂದು, ಬಿಳಿ ವಧು ಬೇಕೆಂಬ ಜಾಹೀರಾತು ಓದುತ್ತ ಬಂದ ನಮಗೆ ಬಿಡಿಸಿ ಹೇಳಬೇಕಿಲ್ಲ. ಚೆಂದ ಕಾಣಲು ಮಾಡಿಕೊಂಡಿದ್ದಲ್ಲ ಎಂದು ಗಂಡಸರು ದೂರಿದರು. ಮತ್ತೆ, ಚೆಂದ ಎಂದರೇನು ಎಂದು ಆ ಹುಡುಗಿಯರನ್ನು ಕೇಳಿದವರು ಕಡಿಮೆ. ಆದರೂ ಒಂದು ಮಾತು ಹೇಳಲೇಬೇಕು: ಬೇರೆ ಜನರ ಮೈಬಣ್ಣವನ್ನು ಕ್ರೀಮಿನಂತೆ ಬಳಿದು ಒರೆಸಿಕೊಳ್ಳಬಹುದು ಎಂಬುದರಲ್ಲಿ ಒಂದು ಉಡಾಫೆಯಿದೆ. ಅದನ್ನು ನಾನು ಮೆಚ್ಚಲಾರೆ.

ಆಓಕಿಯವರ ಪುಸ್ತಕದ ಕೊರತೆ ಏನೆಂದರೆ ಅಲ್ಲಿ ಮನೆಯಿಲ್ಲ, ರೈಲಿಲ್ಲ, ಅಮ್ಮ ಇಲ್ಲ. ಹುಡುಗಿ ಆಕಾಶದಿಂದ ಇಳಿದವಳಂತೆ ಗೋಡೆಯ ಮುಂದೆ ನಿಂತಿರುತ್ತಾಳೆ. ದೂರದ ಊರುಗಳಿಂದ ಬಂದವರು ನಿಲ್ದಾಣದ ಶೌಚಾಲಯದಲ್ಲಿ ಬಟ್ಟೆ ಬದಲಿಸಿ, ಸಂಜೆ ಮತ್ತೆ ಸಾದಾ ಬಟ್ಟೆ ತೊಟ್ಟು ಮನೆ ಸೇರುತ್ತಿದ್ದರೆಂಬುದು ಆ ಚಿತ್ರಗಳಿಂದ ತಿಳಿಯುವುದೇ ಇಲ್ಲ. ಈ ಕೊರತೆಯನ್ನು ತುಂಬಿದ್ದು 2004ರ 'ಶಿಮೊತ್ಸುಮಾ ಮೊನೊಗತಾರಿ' ಎಂಬ ಸಿನಿಮಾ. ನೊವಾಲಾ ತಾಕೆಮೊತೊ 2002ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ನಿರ್ದೇಶಕ ತೆತ್ಸುಯಾ ನಾಕಾಶಿಮಾ.

ಮೊಮೊಕೊ ಎಂಬ ಹುಡುಗಿ ಗದ್ದೆಗಳ ನಡುವಿನ ಶಿಮೊತ್ಸುಮಾ ಊರಿನವಳು. ಅವಳ ಮನಸ್ಸಿರುವುದು ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ. ಲೇಸು, ಫ್ರಿಲ್ಲು, ಒಳಲಂಗದಿಂದ ಗಂಟೆಯಂತೆ ಉಬ್ಬಿದ ಫ್ರಾಕು, ತಲೆಗೆ ಬಾನೆಟ್ಟು, ಕೈಯಲ್ಲಿ ಕೊಡೆ. ಈ ರೀತಿಗೆ 'ಲೊಲಿತಾ' ಎಂಬ ಹೆಸರಿದೆ. ನಬೊಕೊವ್ ಕಾದಂಬರಿಗೂ ತಮಗೂ ಸಂಬಂಧವಿಲ್ಲ ಎಂದು ತೊಡುವವರು ಹೇಳುತ್ತಲೇ ಬಂದಿದ್ದಾರೆ. ಹೆಸರಿನ ಕಲೆ ಅಷ್ಟು ಸುಲಭಕ್ಕೆ ಹೋಗುವಂಥದಲ್ಲ; ಆದರೆ ಬಟ್ಟೆಯನ್ನೇ ನೋಡಿದರೆ ಕುತ್ತಿಗೆಯಿಂದ ಮೊಣಕಾಲಿನವರೆಗೆ ಮುಚ್ಚಿರುತ್ತದೆ, ಗಂಡಸು ಹತ್ತಿರ ನಿಲ್ಲಲೂ ಆಗದಷ್ಟು ಅಗಲವಾಗಿರುತ್ತದೆ. ಒಂದು ಫ್ರಾಕಿಗೆ ಇಪ್ಪತ್ತು ಮೂವತ್ತು ಸಾವಿರ ಯೆನ್. ಊರಿನವರು ಜಸ್ಕೊ ಸೂಪರ್ ಮಾರ್ಕೆಟ್ಟಿನ ಅಗ್ಗದ ಬಟ್ಟೆ ತೊಟ್ಟು ಹೆಮ್ಮೆಪಡುವಾಗ ಇವಳು ರೈಲು ಹಿಡಿದು ಟೋಕಿಯೊದ 'ಬೇಬಿ, ದ ಸ್ಟಾರ್ಸ್ ಶೈನ್ ಬ್ರೈಟ್' ಅಂಗಡಿಗೆ ಹೋಗುತ್ತಾಳೆ. ಆ ಅಂಗಡಿ 1988ರಿಂದ ನಿಜವಾಗಿಯೂ ಇದೆ.

ಅವಳಿಗೆ ಜೊತೆಯಾಗುವವಳು ಇಚಿಗೊ. ಸ್ಕೂಟರ್ ಗುಂಪಿನ ಒರಟು ಹುಡುಗಿ, ಬೆನ್ನ ತುಂಬ ಅಕ್ಷರ ಕಸೂತಿ ಹಾಕಿದ ಉದ್ದ ಕೋಟಿನ ಬಳಗದವಳು. ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹಾಸ್ಯಾಸ್ಪದ. ಸಿನಿಮಾದ ಜಾಣತನ ಇರುವುದು ಇವರಿಬ್ಬರನ್ನು ಕಸೂತಿಯಿಂದ ಸೇರಿಸಿದ್ದರಲ್ಲಿ. ಮೊಮೊಕೊ ಕಸೂತಿ ಬಲ್ಲವಳು; ಗೆಳತಿಯ ಕೋಟಿಗೆ ಸೂಜಿ ಹಿಡಿಯುತ್ತಾಳೆ. ಮುಂದೆ ಅವಳು ಆರಾಧಿಸುವ ಆ ಅಂಗಡಿಯ ವಿನ್ಯಾಸಕಾರನೇ ಒಂದು ಉಡುಪಿಗೆ ಕಸೂತಿ ಹಾಕಿಕೊಡೆಂದು ಕೇಳುತ್ತಾನೆ. ಒಂದು ಕಡೆ ಆ ಕೆಲಸ, ಇನ್ನೊಂದು ಕಡೆ ಗುಂಪಿನವರ ಕೈಯಲ್ಲಿ ಪೆಟ್ಟು ತಿನ್ನಲಿರುವ ಗೆಳತಿ. ಮೊಮೊಕೊ ಅಜ್ಜಿಯ ಸ್ಕೂಟರ್ ಹತ್ತಿ ಅದೇ ಬಿಳಿ ಫ್ರಾಕಿನಲ್ಲಿ ಗೆಳತಿಯತ್ತ ಹೋಗುತ್ತಾಳೆ, ಕೆಸರಲ್ಲಿ ಬೀಳುತ್ತಾಳೆ. ಬರೆದವನೂ ನಿರ್ದೇಶಿಸಿದವನೂ ಗಂಡಸರು. ಆದರೂ ಈ ಹುಡುಗಿಯರಿಗೊಬ್ಬ ಪ್ರಿಯಕರನನ್ನು ತಂದು ಕೂರಿಸಿ ಕಥೆ ಮುಗಿಸಿಲ್ಲ. ಬಟ್ಟೆಯನ್ನು ಪ್ರೀತಿಸುವವಳಿಗೂ ಬಟ್ಟೆ ಕೊಳೆಯಾಗಲಿ ಎನ್ನಿಸುವ ಗಳಿಗೆ ಬರುತ್ತದೆ ಎಂದು ತೋರಿಸಿದ ಸಿನಿಮಾ ನನಗೆ ಇನ್ನೊಂದು ನೆನಪಾಗುವುದಿಲ್ಲ.

ಮುಂದಿನದು ಬೇಗ ಹೇಳುವ ಕಥೆ. 2009ರಲ್ಲಿ ಜಪಾನಿನ ವಿದೇಶಾಂಗ ಖಾತೆ ಮೂವರು ತರುಣಿಯರನ್ನು 'ಕವಾಯಿ ರಾಯಭಾರಿ'ಗಳೆಂದು ನೇಮಿಸಿತು. ಒಬ್ಬಳು ಲೊಲಿತಾ ಉಡುಪಿನವಳು, ಒಬ್ಬಳು ಹರಾಜುಕು ರೀತಿಯವಳು, ಮತ್ತೊಬ್ಬಳು ಶಾಲಾ ಸಮವಸ್ತ್ರದವಳು. ಲಂಗ ಮೇಲೆತ್ತಿದ್ದಕ್ಕೆ ಬೈಸಿಕೊಂಡ ಅದೇ ಸಮವಸ್ತ್ರ ಈಗ ಸರ್ಕಾರಿ ರಫ್ತಿನ ಸರಕು! ಲೊಲಿತಾ ರಾಯಭಾರಿ ಮಿಸಾಕೊ ಆಓಕಿ ವೃತ್ತಿಯಿಂದ ನರ್ಸ್ ಎಂಬುದನ್ನು ಓದಿದಾಗ ನನಗೆ ಸಮಾಧಾನವಾಯಿತು. ದೊಡ್ಡವರಾಗಲು ಒಲ್ಲದ ಹೆಣ್ಣುಮಕ್ಕಳು ಎಂಬ ಮಾತಿಗೆ ರೋಗಿಗಳ ವಾರ್ಡಿನಲ್ಲಿ ದುಡಿಯುವ ಹೆಂಗಸಿಗಿಂತ ಒಳ್ಳೆಯ ಉತ್ತರ ಬೇಕೆ?

2008ರಲ್ಲಿ ಎಚ್ ಅಂಡ್ ಎಂ ಹರಾಜುಕುವಿಗೆ ಬಂತು, ಮರುವರ್ಷ ಫಾರೆವರ್ 21. ಹೊಲಿಯುವ ಶ್ರಮಕ್ಕಿಂತ ಕಡಿಮೆ ಬೆಲೆಗೆ ಹೊಸ ಬಟ್ಟೆ ಸಿಗತೊಡಗಿತು. 2017ರಲ್ಲಿ ಫ್ರೂಟ್ಸ್ ಮಾಸಪತ್ರಿಕೆ ನಿಂತಿತು. ಫೋಟೋ ತೆಗೆಯಲು ಸೊಗಸಿನ ಮಕ್ಕಳು ಈಗ ಸಿಗುವುದಿಲ್ಲ ಎಂದು ಆಓಕಿ ಕಾರಣ ಹೇಳಿದರು. ಇಪ್ಪತ್ತು ವರ್ಷ ಅದೇ ಬೀದಿಯಲ್ಲಿ ನಿಂತವರ ಮಾತನ್ನು ತಳ್ಳಿಹಾಕಲಾಗದು. ಆದರೆ ಕ್ಯಾಮೆರಾ ಹಿಡಿದವರು ಕಾಯುತ್ತಿದ್ದಾರೆಂದು ಗೊತ್ತಾದ ಮೇಲೆ ಹುಡುಗಿಯರು ಉಡುವ ರೀತಿಯೂ ಬದಲಾಗಿರಬೇಕಲ್ಲ? ಆ ಲೆಕ್ಕ ಅವರ ಮಾತಿನಲ್ಲಿ ಇಲ್ಲ.

ಸಿನಿಮಾ 'ಕಾಮಿಕಾಜೆ ಗರ್ಲ್ಸ್' ಎಂಬ ಹೆಸರಿನಲ್ಲಿ ಇಂಗ್ಲಿಷ್ ಅಡಿಬರಹದೊಂದಿಗೆ ಇದೆ. ಪುಸ್ತಕವೂ ಸಿನಿಮಾವೂ ಸಿಕ್ಕಿದರೆ ಸಿನಿಮಾ ಮೊದಲು ನೋಡಿ. ಆಮೇಲೆ ಪುಸ್ತಕ ತೆರೆದಾಗ ಗೋಡೆಯ ಮುಂದೆ ನಿಂತ ಆ ಹದಿನೇಳರ ಹುಡುಗಿ ಎಷ್ಟು ಗಂಟೆಯ ರೈಲಿಗೆ ಬಂದಿರಬಹುದು, ಲಂಗದ ಅಂಚನ್ನು ಯಂತ್ರದಲ್ಲಿ ಹೊಲಿದಳೋ ಕೈಯಲ್ಲೋ ಎಂದು ನೋಡುತ್ತೀರಿ.