ಅಚ್ಚು ಮುರಿದವನೇ ಅಚ್ಚಾದಾಗ

ಅಮೆರಿಕದ ನಟ ಮೈಕೆಲ್ ಕೆ. ವಿಲಿಯಮ್ಸ್ 2021ರ ಸೆಪ್ಟೆಂಬರ್ 6ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ 54 ವರ್ಷ. ಸಾವಿನ ಸುದ್ದಿ ಕೊಟ್ಟ ಪತ್ರಿಕೆಗಳ ತಲೆಬರಹಗಳಲ್ಲಿ ಅವರ ಹೆಸರಿಗೆ ಅಂಟಿಕೊಂಡೇ 'ಓಮರ್' ಎಂಬ ಇನ್ನೊಂದು ಹೆಸರಿತ್ತು. ಇದು ಮನ್ನಣೆಯೋ ಬಂಧನವೋ ಎಂಬ ಪ್ರಶ್ನೆಯನ್ನು ಆ ನಟ ಬದುಕಿದ್ದಾಗಲೇ ಕೇಳಿಕೊಂಡಿದ್ದರು. 2017ರಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಗಾಗಿ ತಯಾರಾದ 'ಟೈಪ್‌ಕಾಸ್ಟ್' ಎಂಬ ಕಿರುಚಿತ್ರದಲ್ಲಿ ನಾಲ್ವರು ವಿಲಿಯಮ್ಸ್‌ಗಳು ಒಟ್ಟಿಗೆ ಕೂತು, ತನ್ನನ್ನು ಒಂದೇ ಬಗೆಯ ಪಾತ್ರಕ್ಕೆ ಕಟ್ಟಿಹಾಕಲಾಗಿದೆಯೇ ಎಂದು ತಮ್ಮತಮ್ಮಲ್ಲೇ ವಾದಿಸುತ್ತಾರೆ. ಅದು ಆ ಪತ್ರಿಕೆಯ ಜಾಹೀರಾತೇ ಆಗಿತ್ತು ಎಂಬುದು ಬೇರೆ ಮಾತು. ಅವರ ಮರಣದ ನಂತರ 2022ರಲ್ಲಿ ಪ್ರಕಟವಾದ ಆತ್ಮಕಥೆ 'ಸೀನ್ಸ್ ಫ್ರಮ್ ಮೈ ಲೈಫ್' ಕೂಡ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ.

ಬ್ರೂಕ್ಲಿನ್‌ನ ಈಸ್ಟ್ ಫ್ಲ್ಯಾಟ್‌ಬುಷ್‌ನಲ್ಲಿ ಬೆಳೆದ ವಿಲಿಯಮ್ಸ್ ಮೊದಲು ನೃತ್ಯಗಾರ. ಮಡೋನಾ, ಜಾರ್ಜ್ ಮೈಕೆಲ್‌ರಂಥ ಗಾಯಕರ ಜೊತೆ ಕುಣಿದವರು. ತಮ್ಮ 25ನೇ ಹುಟ್ಟುಹಬ್ಬದ ರಾತ್ರಿ ನಡೆದ ಹೊಡೆದಾಟದಲ್ಲಿ ಅವರ ಮುಖಕ್ಕೆ ಬ್ಲೇಡಿನ ಏಟು ಬಿತ್ತು. ಹಣೆಯಿಂದ ಮೂಗನ್ನು ದಾಟಿ ಕೆನ್ನೆಗಿಳಿದ ಗಾಯದ ಗುರುತು ಕೊನೆಯವರೆಗೂ ಉಳಿಯಿತು. ವಿಚಿತ್ರವೆಂದರೆ, ಆ ಗುರುತೇ ಅವರಿಗೆ ಕೆಲಸ ತಂದುಕೊಟ್ಟಿತು. ಹಿನ್ನೆಲೆಯಲ್ಲಿ ಕುಣಿಯುತ್ತಿದ್ದವನನ್ನು ಈಗ ರೌಡಿಯ ವೇಷಕ್ಕೆ ಕರೆಯತೊಡಗಿದರು. ಗಾಯಕ ಟುಪಾಕ್ ಶಕೂರ್ ಅವರ ಫೋಟೋ ನೋಡಿ, 'ಬುಲೆಟ್' (1996) ಚಿತ್ರದಲ್ಲಿ ತನ್ನ ಸೋದರನ ಪಾತ್ರಕ್ಕೆ ಇವನೇ ಬೇಕೆಂದರು. ಹೊಡೆಸಿಕೊಂಡವನ ಮುಖ ಹೊಡೆಯುವವನ ಮುಖವಾಗಿ ಕಂಡಿತು. ಅದೇ ಗುರುತು ಒಬ್ಬ ಬಿಳಿಯ ನಟನ ಮುಖದಲ್ಲಿದ್ದಿದ್ದರೆ ಯುದ್ಧದಿಂದ ಮರಳಿದ ಸೈನಿಕನ ಪಾತ್ರವೂ ಸಿಗಬಹುದಿತ್ತಲ್ಲವೇ?

'ದಿ ವೈರ್' ಧಾರಾವಾಹಿ 2002ರಿಂದ 2008ರವರೆಗೆ ಪ್ರಸಾರವಾಯಿತು. ಬಾಲ್ಟಿಮೋರ್ ನಗರದ ಮಾದಕ ವಸ್ತುಗಳ ದಂಧೆ, ಪೊಲೀಸ್, ಬಂದರು, ಶಾಲೆ, ಪತ್ರಿಕೆ ಎಲ್ಲವನ್ನೂ ಒಂದೇ ಕಥೆಯಾಗಿ ನೋಡಿದ ಕೃತಿ ಅದು. ವಿಲಿಯಮ್ಸ್ ಅದರಲ್ಲಿ ಓಮರ್ ಲಿಟ್ಲ್. ದಂಧೆಕೋರರನ್ನೇ ದೋಚುವ ದರೋಡೆಕೋರ. ದಂಧೆಗೆ ಸೇರದ ಜನರತ್ತ ಬಂದೂಕು ತಿರುಗಿಸದವನು. ತಾನು ಸಲಿಂಗಕಾಮಿ ಎಂಬುದನ್ನು ಯಾರ ಮುಂದೆಯೂ ಮುಚ್ಚಿಡದವನು. ಕಪ್ಪು ಬಂದೂಕುಧಾರಿ ಎಂದರೆ ಹೀಗೇ ಇರಬೇಕೆಂದು ಪರದೆ ಕಲಿಸಿದ್ದನ್ನೆಲ್ಲ ಈ ಪಾತ್ರ ತಲೆಕೆಳಗು ಮಾಡಿತು. ನ್ಯಾಯಾಲಯದಲ್ಲಿ ಬೀದಿಯ ಬಟ್ಟೆಯ ಮೇಲೊಂದು ಬಣ್ಣಬಣ್ಣದ ಟೈ ಕಟ್ಟಿಕೊಂಡು ಸಾಕ್ಷಿ ಹೇಳಲು ಬರುವ ದೃಶ್ಯವೊಂದಿದೆ. ದಂಧೆಯಿಂದ ಬದುಕುವ ಪರಾವಲಂಬಿ ನೀನು ಎಂದು ವಕೀಲ ಹಂಗಿಸುತ್ತಾನೆ. ನಾನು ಬಂದೂಕು ಹಿಡಿದು ಮಾಡುವುದನ್ನು ನೀನು ಬ್ರೀಫ್‌ಕೇಸ್ ಹಿಡಿದು ಮಾಡುತ್ತೀಯೆ ಎಂಬರ್ಥದ ಉತ್ತರ ಓಮರ್‌ನಿಂದ ಬರುತ್ತದೆ. ವಿಲಿಯಮ್ಸ್ ಇಲ್ಲಿ ದನಿ ಎತ್ತುವುದಿಲ್ಲ. ತುಸು ಮೋಜಿನಿಂದ, ನೆರೆಮನೆಯವನಿಗೆ ಹೇಳಿದಂತೆ ಹೇಳುತ್ತಾರೆ. ಕೊನೆಯಲ್ಲಿ ಓಮರ್ ಗೂಡಂಗಡಿಯೊಂದರಲ್ಲಿ ಸಿಗರೇಟು ಕೊಳ್ಳುವಾಗ ಪುಟ್ಟ ಹುಡುಗನೊಬ್ಬನ ಗುಂಡಿಗೆ ಸಾಯುತ್ತಾನೆ. ಊರಿನ ಪತ್ರಿಕೆಯಲ್ಲಿ ಆ ಸುದ್ದಿಗೆ ಜಾಗವೂ ಸಿಗುವುದಿಲ್ಲ.

ಇದೇ ಧಾರಾವಾಹಿಯಲ್ಲಿ ಬ್ರದರ್ ಮೌಜೋನ್ ಎಂಬ ಬಾಡಿಗೆ ಹಂತಕ ಬರುತ್ತಾನೆ. ನೇಷನ್ ಆಫ್ ಇಸ್ಲಾಂನವರ ಸೂಟು, ಬೋ ಟೈ, ಅಳೆದು ತೂಗಿದ ಮಾತು. ಒಂದು ಅಚ್ಚನ್ನು ಮುರಿದ ಕೈಗಳೇ ಪಕ್ಕದಲ್ಲಿ ಇನ್ನೊಂದನ್ನು ಹಾಗೇ ಉಳಿಸಿಕೊಂಡವು ಎಂಬುದನ್ನು ಮೆಚ್ಚುಗೆಯ ಭರದಲ್ಲಿ ಮರೆಯಬೇಕಾಗಿಲ್ಲ.

ತನ್ನಲ್ಲಿಲ್ಲದ ಧೈರ್ಯ ಓಮರ್‌ನಲ್ಲಿತ್ತು ಎಂದು ವಿಲಿಯಮ್ಸ್ ಹೇಳಿಕೊಂಡಿದ್ದಾರೆ. ಬಾಲ್ಯದಲ್ಲಿ ಮೆತ್ತಗಿನ ಹುಡುಗನೆಂದು ಕೇರಿಯವರಿಂದ ಹೀಯಾಳಿಸಿಕೊಂಡವರು ಅವರು. ಬೀದಿಯಲ್ಲಿ ಜನ ಓಮರ್ ಎಂದು ಕೂಗಿದಾಗ ಓಮರ್ ಆಗಿಯೇ ತಿರುಗಿ ನೋಡತೊಡಗಿದರು. ಆ ವರ್ಷಗಳಲ್ಲೇ ಕೊಕೇನ್ ಚಟವೂ ಬಿಗಿಯಿತು. ತನಗೆ ಅತ್ಯಂತ ಪ್ರಿಯವಾದ ಪಾತ್ರ ಓಮರ್ ಎಂದು 2008ರಲ್ಲಿ ಬರಾಕ್ ಒಬಾಮಾ ಹೇಳಿದರು. ಆ ಚುನಾವಣೆಯ ಕಾಲದಲ್ಲಿ ಇಬ್ಬರ ಭೇಟಿಯಾದಾಗ ವಿಲಿಯಮ್ಸ್ ಅಮಲಿನಲ್ಲಿದ್ದರು. ಮಾತೇ ಸರಿಯಾಗಿ ಹೊರಡಲಿಲ್ಲ. ತಮ್ಮದೇ ಗಾಯಗಳನ್ನು ಕೆದಕಿ ಪಾತ್ರ ಕಟ್ಟುವ ನಟನೆಯನ್ನು 'ಸಹಜ ಅಭಿನಯ' ಎಂದು ನಾವು ವಿಮರ್ಶಕರು ಸಲೀಸಾಗಿ ಹೊಗಳುತ್ತೇವೆ. ಸಹಜವೆಂದು ಹೊಗಳುವಾಗ, ಕಪ್ಪು ನಟ ಅಭಿನಯಿಸುತ್ತಿಲ್ಲ, ಸುಮ್ಮನೆ ತಾನಾಗಿದ್ದಾನೆ ಎಂಬ ಅವಮಾನವೂ ಅದರಲ್ಲಿ ಸೇರಿರುತ್ತದೆ.

ಕಟ್ಟಿಹಾಕಲಾಗಿದೆಯೇ ಎಂಬ ಪ್ರಶ್ನೆಗೆ ವಿಲಿಯಮ್ಸ್ ಕೊಡುತ್ತ ಬಂದ ಉತ್ತರ ಸರಳವಾದದ್ದು: ಈ ಪಾತ್ರಗಳು ನನ್ನ ಕೇರಿಯ ಜನ, ನನ್ನ ಬಂಧುಗಳು, ಅವರನ್ನು ಘನತೆಯಿಂದ ತೋರಿಸುವುದು ನನ್ನ ಕೆಲಸ. ಇದು ಬರಿಯ ಸಮಜಾಯಿಷಿಯಲ್ಲ. 'ರೈಸ್ಡ್ ಇನ್ ದಿ ಸಿಸ್ಟಮ್' (2018) ಸಾಕ್ಷ್ಯಚಿತ್ರದಲ್ಲಿ ಅವರು ಜೈಲು ಸೇರಿದ ಕಪ್ಪು ಹುಡುಗರನ್ನು ಹುಡುಕಿಕೊಂಡು ಹೋದರು. ಹಾಗೆ ಒಳಗಿದ್ದವರಲ್ಲಿ ಅವರದೇ ಕುಟುಂಬದವರೂ ಇದ್ದರು.

ಆದರೂ ಈ ಉತ್ತರ ಸಾಲದು ಎಂದು ನನಗನಿಸುವುದು 'ದಿ ನೈಟ್ ಆಫ್' (2016) ನೋಡಿದಾಗ. ಕೊಲೆಯ ಆರೋಪ ಹೊತ್ತು ನ್ಯೂಯಾರ್ಕಿನ ರೈಕರ್ಸ್ ಜೈಲಿಗೆ ಬರುವ ಪಾಕಿಸ್ತಾನಿ ಮೂಲದ ವಿದ್ಯಾರ್ಥಿ ನಾಸಿರ್ ಖಾನ್ ಆಗಿ ರಿಜ್ ಅಹ್ಮದ್, ಅವನಿಗೆ ಆಶ್ರಯ ಕೊಡುವ ಹಳೆಯ ಬಾಕ್ಸರ್ ಫ್ರೆಡ್ಡಿ ಆಗಿ ವಿಲಿಯಮ್ಸ್. ಅಲ್ಪಸಂಖ್ಯಾತ ನಟನ ದಾರಿಯಲ್ಲಿ ಮೂರು ಹಂತಗಳಿವೆ ಎಂದು ರಿಜ್ ಅದೇ ವರ್ಷ ಪ್ರಬಂಧವೊಂದರಲ್ಲಿ ಬರೆದಿದ್ದರು. ಮೊದಲನೆಯದು ಭಯೋತ್ಪಾದಕ, ಟ್ಯಾಕ್ಸಿ ಚಾಲಕ ಇತ್ಯಾದಿ ಸಿದ್ಧ ವೇಷ. ಎರಡನೆಯದು ಅದೇ ನೆಲದಲ್ಲಿ ನಿಂತು ಆ ವೇಷವನ್ನು ಪ್ರಶ್ನಿಸುವ ಪಾತ್ರ. ಮೂರನೆಯದು ಕುಲಮೂಲದ ಗೊಡವೆಯೇ ಇಲ್ಲದೆ ಬರಿಯ ಮನುಷ್ಯನಾಗಿರುವ ಪಾತ್ರ. ರಿಜ್‌ಗೆ ಎರಡನೆಯದನ್ನು ದಾಟುವ ತವಕ. ವಿಲಿಯಮ್ಸ್‌ಗೆ ಅಲ್ಲೇ ಮನೆ ಕಟ್ಟುವ ಹಟ. ಆ ಜೈಲಿನ ದೃಶ್ಯಗಳಲ್ಲಿ ಈ ಎರಡು ನಿಲುವುಗಳೂ ಎದುರುಬದುರು ಕೂತಂತೆ ಕಾಣುತ್ತದೆ. ನಾಸಿರ್‌ಗೆ ಮನೆಯಿದೆ, ಅಪ್ಪನ ಟ್ಯಾಕ್ಸಿಯಿದೆ, ಅಮ್ಮನ ಕಣ್ಣೀರಿದೆ, ಹೊರಗೊಂದು ಕಥೆಯಿದೆ. ಫ್ರೆಡ್ಡಿಗೆ ಇರುವುದು ನಾಸಿರ್‌ನ ಕಥೆಯಲ್ಲಿ ಒಂದು ಕೆಲಸ ಮಾತ್ರ. ಮುಸ್ಲಿಂ ಹುಡುಗ ಅಚ್ಚಿನಿಂದ ಹೊರಬರಲು ಕಪ್ಪು ಮನುಷ್ಯ ಅಚ್ಚಿನೊಳಗೇ ಉಳಿಯಬೇಕಾಯಿತು. ಈ ಪಾತ್ರಕ್ಕಾಗಿ ರಿಜ್‌ಗೆ 2017ರಲ್ಲಿ ಎಮ್ಮಿ ಪ್ರಶಸ್ತಿ ಬಂದಾಗ ನಮ್ಮಂಥವರು ಸಂಭ್ರಮಿಸಿದ್ದು ಸರಿಯೇ. ಐದು ಸಲ ನಾಮನಿರ್ದೇಶನಗೊಂಡ ವಿಲಿಯಮ್ಸ್‌ಗೆ ಒಮ್ಮೆಯೂ ಅದು ಬರಲಿಲ್ಲ. ಓಮರ್ ಪಾತ್ರಕ್ಕಂತೂ ನಾಮನಿರ್ದೇಶನವೂ ಇರಲಿಲ್ಲ.

ಪಾತ್ರಕ್ಕೆ ಘನತೆ ತುಂಬುವುದು ನಟನ ಕೈಯಲ್ಲಿದೆ. ಯಾವ ಪಾತ್ರ ತನ್ನ ಬಾಗಿಲಿಗೆ ಬರಬೇಕೆಂಬುದು ಅವನ ಕೈಯಲ್ಲಿಲ್ಲ. ವಿಲಿಯಮ್ಸ್‌ರ ಸಮರ್ಥನೆ ಮೊದಲನೆಯದನ್ನೇ ಹಿಡಿದುಕೊಂಡು ಎರಡನೆಯದರ ಹೊಣೆಗಾರರನ್ನು ಸುಮ್ಮನೆ ಬಿಟ್ಟುಬಿಡುತ್ತದೆ.

ನನಗೆ ಅವರ ಶ್ರೇಷ್ಠ ಅಭಿನಯವೆನಿಸುವುದು ಓಮರ್ ಅಲ್ಲ. 'ವೆನ್ ದೆ ಸೀ ಅಸ್' (2019) ಸರಣಿಯ ಬಾಬಿ ಮೆಕ್‌ರೇ. 1989ರ ನ್ಯೂಯಾರ್ಕ್ ಸೆಂಟ್ರಲ್ ಪಾರ್ಕ್ ಅತ್ಯಾಚಾರ ಪ್ರಕರಣದಲ್ಲಿ ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸಿ 2002ರಲ್ಲಿ ದೋಷಮುಕ್ತರಾದ ಐವರು ಹುಡುಗರ ನಿಜ ಕಥೆಯದು. ಅವರಲ್ಲೊಬ್ಬರಾದ ಯೂಸುಫ್ ಸಲಾಂ 2023ರಲ್ಲಿ ನ್ಯೂಯಾರ್ಕ್ ನಗರಸಭೆಗೆ ಚುನಾಯಿತರಾದುದು ಓದುಗರಿಗೆ ನೆನಪಿರಬಹುದು. ಬಾಬಿ ಇನ್ನೊಬ್ಬ ಹುಡುಗನ ತಂದೆ. ಅವನ ಕೈಯಲ್ಲಿ ಬಂದೂಕಿಲ್ಲ, ಬೀದಿಯ ನಿಯಮಗಳೂ ಇಲ್ಲ. ಇರುವುದು ಪೊಲೀಸರ ಭಯ ಮಾತ್ರ. ಠಾಣೆಯಲ್ಲಿ ಅವರು ಬೆದರಿಸಿದ ಮೇಲೆ ಒಳಗೆ ಬಂದು, ಅವರು ಹೇಳಿದಂತೆ ಹೇಳು, ಮನೆಗೆ ಬಿಡುತ್ತಾರೆ ಎಂದು ಮಗನ ಮೇಲೆ ಕೂಗಾಡುತ್ತಾನೆ. ಹುಡುಗ ಮಾಡದ್ದನ್ನು ಒಪ್ಪಿಕೊಳ್ಳುತ್ತಾನೆ. ಆ ಕೋಣೆಯಲ್ಲಿ ವಿಲಿಯಮ್ಸ್‌ರ ಮುಖದ ಗಾಯದ ಗುರುತು ನನ್ನ ಗಮನಕ್ಕೇ ಬರಲಿಲ್ಲ.